ಕೊಂದವರ ಕೈ

ಫಕೀರಪ್ಪ ಮಾಸ್ತರ ಶಾಲೆಯಿಂದ ಬಂದು, ಕೈಕಾಲು ತೊಳೆದು, ಒಂದು ತಾಟು ಚುರುಮುರಿ ತಿಂದು, ಚಹಾ ಕುಡಿದು, ಆಮೇಲೆ ಕೊಲ್ಲಲು ಎದ್ದ.

ಮೊದಲನೆಯವನು ಕಂದಕದ ತಿರುವಿನಲ್ಲೇ ಸಿಕ್ಕ. ಮುಖಕ್ಕೆ ಕೆಸರು ಮೆತ್ತಿದ ಎಳೆಯ ಸಿಪಾಯಿ. ಅವನು ಬಂದೂಕು ಎತ್ತುವಷ್ಟರಲ್ಲಿ ಫಕೀರಪ್ಪನ ಚೂರಿ ಪಕ್ಕೆಲುಬಿನ ಸಂದಿಯಲ್ಲಿ ಹಿಡಿಯ ತನಕ ಇಳಿದಿತ್ತು. ಇಳಿದ ಚೂರಿಯನ್ನು ಒಮ್ಮೆ ತಿರುವಿದ. ಎಡಗೈಯಿಂದ ಸಿಪಾಯಿಯ ಬಾಯಿ ಮುಚ್ಚಿ, ಒದ್ದಾಟ ನಿಲ್ಲುವ ತನಕ ಅವುಚಿಕೊಂಡು ನಿಂತ. ಎರಡನೆಯವನ ದವಡೆಯನ್ನು ಬಂದೂಕಿನ ಹಿಂಬದಿಯಿಂದ ಒಡೆದ. ಹಲ್ಲುಗಳು ಕೆಸರಿಗೆ ಚೆಲ್ಲಿದವು. ಮೂರನೆಯವನು ಎರಡೂ ಕೈ ಮೇಲೆತ್ತಿ ಮಂಡಿಯೂರಿದ್ದ. ಫಕೀರಪ್ಪ ಅವನ ತಲೆಗೂದಲು ಹಿಡಿದು ಬಗ್ಗಿಸಿ, ಹೆಡಕಿಗೆ ಗುಂಡು ಹೊಡೆದ.

ಇಷ್ಟೂ ನಡೆದದ್ದು ಹುಬ್ಬಳ್ಳಿಯ ಒಂದು ಬಾಡಿಗೆ ಮನೆಯ ಪಡಸಾಲೆಯಲ್ಲಿ, ಟೀವಿಗೂ ಫ್ರಿಜ್ಜಿಗೂ ನಡುವಿನ ಜಾಗದಲ್ಲಿ. ಫಕೀರಪ್ಪನ ಕಣ್ಣಿಗೆ ಆಟದ ರಣರಂಗ ತೋರಿಸುವ ದಪ್ಪ ಕನ್ನಡಕ, ಮೈಗೆ ಕಪ್ಪು ಕವಚ, ಕೈಯಲ್ಲಿ ಪ್ಲಾಸ್ಟಿಕ್ಕಿನ ಬಂದೂಕು. ಅಡುಗೆಮನೆಯ ಬಾಗಿಲಲ್ಲಿ ಜೋಳದ ಹಿಟ್ಟು ಹತ್ತಿದ ಕೈಯಲ್ಲೇ ಅವನ ಹೆಂಡತಿ ಸತ್ಯವ್ವ ನಿಂತಿದ್ದಳು. ಜಿರಳೆ ಕಂಡರೆ ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೋಗಿ ಅಂಗಳದಲ್ಲಿ ಬಿಟ್ಟು ಬರುವ ಮನುಷ್ಯ ಇವನು. ಮಕ್ಕಳಿಗೆ ಮಾವಿನಕಾಯಿ, ಮಡಕೆ ಬರೆಯಲು ಕಲಿಸುವ ಡ್ರಾಯಿಂಗ್ ಮಾಸ್ತರ.

"ರೀ, ಸಾಕ್ ಮಾಡ್ರಿ. ರೊಟ್ಟಿ ತಣ್ಣಗಾಗಾಕತ್ತಾವ."

"ಒಬ್ಬಾಂವ ಉಳದಾನ, ತಡಿ."

ಆ ಒಬ್ಬನನ್ನೂ ಮುಗಿಸಿ, ಕವಚ ಬಿಚ್ಚಿ ಉಣ್ಣಲು ಕೂತಾಗ ಅವನ ಮುಖದಲ್ಲಿ ಜ್ವರ ಬಿಟ್ಟವನ ಗೆಲುವಿತ್ತು. "ಏನ್ ಸಿಗತೈತ್ರಿ ಅದರಾಗ?" ಎಂದು ಸತ್ಯವ್ವ ಕೇಳಿದಳು. ನಿಜ ಹೇಳಬೇಕೆಂದರೆ ಆ ಪ್ರಶ್ನೆ ಕೇಳುವ ಹಕ್ಕು ಅವಳಿಗಿರಲಿಲ್ಲ. ಕವಚ ಮಾಡಿದವರಲ್ಲಿ ಅವಳೂ ಒಬ್ಬಳು.

ಫಕೀರಪ್ಪ ರೊಟ್ಟಿ ಮುರಿಯುತ್ತ ಯೋಚಿಸಿದ. "ಶಾಲ್ಯಾಗ ಹೆಡ್‌ಮಾಸ್ತರ ಬೈತಾನ. ಬಸ್ಸಿನ್ಯಾಗ ಕಂಡಕ್ಟರ ಬೈತಾನ. ಚಿಲ್ಲರೆ ಇಲ್ಲಂದ್ರ ಕಾಯಿಪಲ್ಲೆ ಮಾರಾಕಿ ಸೈತ ಬೈತಾಳ. ಅಲ್ಲಿ ನಾ ಬಂದೆ ಅಂದ್ರ ಮಂದಿ ಓಡ್ತಾರ, ಸತ್ಯಾ." ಒಂದು ತುತ್ತು ನುಂಗಿ ದನಿ ಇಳಿಸಿದ. "ಖರೇ ಹೇಳ್ಲಿ? ಅಲ್ಲಿ ಸಾಯೋದು ಅದಕ್ಕಿಂತ ಚಂದ. ಮೈಮ್ಯಾಲಿನ ಭಾರಾ ಎಲ್ಲಾ ಒಮ್ಮೆಲೆ ಇಳದು ಹೋಗ್ತೈತಿ."

ಸತ್ಯವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವಳ ಗಂಡ ದಿನಾ ಸಂಜೆ ಸಾಯುತ್ತಿದ್ದ ಆ ಸಾವು ಅವಳ ಅಪ್ಪನದು.

ಕವಚದ ಗುಟ್ಟು ಬಹಳ ದೊಡ್ಡದೇನಲ್ಲ. ಭಯ ಎನ್ನುವುದು ತಲೆಗಿಂತ ಮೊದಲು ಮೈಗೆ ತಿಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಹಿಂಡುತ್ತದೆ, ಅಂಗೈ ಬೆವರುತ್ತದೆ. ಸಿಟ್ಟೂ ಹಾಗೆಯೇ. ಒಬ್ಬರ ಮೈಯಲ್ಲಿ ಇದೆಲ್ಲ ಆಗುವಾಗ ಕವಚ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಬ್ಬರು ಕವಚ ತೊಟ್ಟಾಗ ಬೆನ್ನಹುರಿಯ ಉದ್ದಕ್ಕೂ ಸಣ್ಣ ಸಣ್ಣ ವಿದ್ಯುತ್ತಿನ ತಟ್ಟುಗಳಿಂದ ಅದೇ ಪಾಠವನ್ನು ಅವರ ಮೈಗೆ ಹೇಳಿಕೊಡುತ್ತದೆ. ಸೋಫಾದ ಮೇಲೆ ಕೂತವನಿಗೂ ರಣರಂಗದ ಎದೆಬಡಿತ ಸಿಗುತ್ತದೆ.

ಹುಬ್ಬಳ್ಳಿಯ ಹಳೆಯ ಹತ್ತಿ ಜಿನ್ನಿಂಗ್ ಮಿಲ್ಲಿನ ಕಟ್ಟಡದಲ್ಲಿ ದೇಸಾಯಿ ಎಂಬಾತ ಈ ಆಟದ ಕಂಪನಿ ತೆರೆದಾಗ ಕವಚ ಸಿದ್ಧವಾಗಿತ್ತು, ಪಾಠ ಹೇಳುವ ಮೈ ಮಾತ್ರ ಸಿಕ್ಕಿರಲಿಲ್ಲ. ನಾಟಕದವರನ್ನು ಕರೆಸಿದರು. ಅವರ ಮುಖ ಸಾಯುತ್ತಿತ್ತು. ಯಂತ್ರದ ಗೆರೆಗಳಲ್ಲಿ ಊಟದ ಹೊತ್ತಿನ ಹಸಿವು ಕಾಣುತ್ತಿತ್ತು. ನಿವೃತ್ತ ಸುಬೇದಾರರೊಬ್ಬರನ್ನು ಕರೆಸಿದರು. ಅವರು ಕೆಲಸವೇನೆಂದು ಕೇಳಿಸಿಕೊಂಡು, ಕವಚವನ್ನು ನೀಟಾಗಿ ಮಡಚಿ ಮೇಜಿನ ಮೇಲಿಟ್ಟು, ಚಹಾ ಸಹ ಕುಡಿಯದೆ ಹೊರಟುಹೋದರು. ಆಗ ಸತ್ಯವ್ವ ತನ್ನ ಅಪ್ಪನನ್ನು ಕರೆತಂದಳು.

ಅಪ್ಪ ಲಗಮಪ್ಪ ಗೋಕಾಕ ಸೀಮೆಯ ದೊಡ್ಡಾಟದ ಕಲಾವಿದ. ಮೀಸೆ ಮೂಡಿದಾಗಿನಿಂದ ಅದು ಬೆಳ್ಳಗಾಗುವ ತನಕ ರಾಕ್ಷಸನ ಪಾತ್ರ ಕಟ್ಟಿ, ಊರೂರಲ್ಲಿ ಆಟಕ್ಕೆ ಕಟ್ಟಿದ ಅಟ್ಟದ ಮೇಲೆ ಸತ್ತವನು. ಅವನ ಮೇಳದಲ್ಲಿ ಒಂದು ಪದ್ಧತಿಯಿತ್ತು. ಅಟ್ಟದ ಮೇಲೆ ಸತ್ತವನು ತಾನಾಗಿ ಏಳುವಂತಿಲ್ಲ. ಅವನನ್ನು ಕೊಂದ ಪಾತ್ರಧಾರಿಯೇ ಬಂದು, ಸಿಟ್ಟು ಇಳಿಸಿಕೊಂಡು, ಎದೆಯ ಮೇಲೆ ಕೈಯಿಟ್ಟು "ಏಳಪಾ, ಆಟ ಮುಗೀತು" ಅನ್ನಬೇಕು. ಎದ್ದವನ ಬಾಯಿಗೆ ಬೆಲ್ಲ ಹಾಕಬೇಕು. ಕೊಂದವನಲ್ಲಿ ಸಿಟ್ಟು ಉಳಿಯಬಾರದು, ಸತ್ತವನಲ್ಲಿ ಸಾವು ಉಳಿಯಬಾರದು ಎಂದು ಹಿರಿಯರು ಮಾಡಿದ್ದು.

ಸ್ಟುಡಿಯೋದಲ್ಲಿ ಎದುರಾಳಿಯಾಗಿ ಒಬ್ಬ ಪೈಲವಾನನನ್ನು ನಿಲ್ಲಿಸಿದ್ದರು. ಅವನು ರಬ್ಬರಿನ ಚೂರಿ ಹಾಕಿದೊಡನೆ ಲಗಮಪ್ಪನ ಗಂಟಲಿನಿಂದ ಎರಡು ಗಿಡ್ಡ ಉಸಿರು, ಒಂದು ಉದ್ದನೆಯ ಉಸಿರು ಹೊರಟಿತು. ಗೆರೆಗಳೆಲ್ಲ ಕುಸಿದವು. ನಾಡಿ ಮಂದವಾಯಿತು, ಚರ್ಮ ತಣ್ಣಗಾಯಿತು. ಯಂತ್ರದ ಮುಂದಿದ್ದವರು ಗಾಬರಿಯಿಂದ ಎದ್ದು ನಿಂತರು. ಪೈಲವಾನ ಚಹಾ ಕುಡಿಯಲು ಹೋದ. ಮುದುಕ ಮಲಗಿಯೇ ಇದ್ದ. ಸತ್ಯವ್ವ ತಲೆ ತಗ್ಗಿಸಿಕೊಂಡು ಹೋಗಿ ಪೈಲವಾನನನ್ನು ಕರೆತಂದು, ಹೇಳಬೇಕಾದ್ದನ್ನು ಹೇಳಿಕೊಟ್ಟಳು. ಅವನು ನಗುತ್ತ ಕೈಯಿಟ್ಟು ಹೇಳಿದ. ಲಗಮಪ್ಪ ಏಳಲಿಲ್ಲ. ನಗು ಬಿಟ್ಟು ಇನ್ನೊಮ್ಮೆ ಹೇಳಿದ. ಆಗ ಮುದುಕ ಕಣ್ಣು ಬಿಟ್ಟ.

ಸುತ್ತಲಿನವರು ಮುಸಿಮುಸಿ ನಕ್ಕರು. ಸತ್ಯವ್ವ ಅಂದೇ ಆ ಪಾಠದಿಂದ ಏಳುವ ಭಾಗವನ್ನು ಕತ್ತರಿಸಿ ಅಳಿಸಿಹಾಕಿದಳು. ಆಟಕ್ಕೆ ಅದು ಬೇಕಿಲ್ಲ ಎನ್ನುವುದು ನೆಪ. ಇಂಜಿನಿಯರಿಂಗ್ ಓದಿದವಳ ಅಪ್ಪನ ಹಳ್ಳಿ ನಂಬಿಕೆಯನ್ನು ಆಫೀಸಿನವರು ಮತ್ತೆ ಮತ್ತೆ ಹಾಕಿ ನೋಡಬಾರದು ಎನ್ನುವುದು ಖರೆ ಕಾರಣ. ಸಾವು ಉಳಿಯಿತು, ಏಳುವುದು ಹೋಯಿತು.

ಆ ದಿನಗಳಲ್ಲಿ ಲಗಮಪ್ಪ ಮಗಳ ಮನೆಯಲ್ಲೇ ಇದ್ದ. ಅಳಿಯನಿಗೂ ಮಾವನಿಗೂ ಚೆನ್ನಾಗಿ ಒಗ್ಗಿತ್ತು. ಮಾವ ಚಾಪೆಯ ಮೇಲೆ ಸತ್ತು ಮಲಗುವನು, ಅಳಿಯ ಪೆನ್ಸಿಲ್ಲಿನಿಂದ ಅವನ ಚಿತ್ರ ಬರೆಯುವನು.

"ಮಾವಾರ, ಕಾಲ್ಬೆರಳ ಯಾಕ ಒಳಗ ಮಡಚೀರಿ?"

"ಜೀವ ಕಡೀಗೆ ಕಾಲ್ಬೆರಳನ್ಯಾಗ ಹೋಗಿ ಕುಂದರತೈತ್ರಿ, ಮಾಸ್ತರ," ಎಂದು ಹೆಣ ಉತ್ತರ ಕೊಟ್ಟಿತು. "ಅಷ್ಟ ಹಿಡಕೊಂಡಿದ್ರ ಸಾಕು, ತಿರುಗಿ ಬರಾಕ ಹಾದಿ ಇರತೈತಿ."

ಮರುವರ್ಷ ಲಗಮಪ್ಪ ಅದೇ ಚಾಪೆಯ ಮೇಲೆ ನಿಜವಾಗಿ ಸತ್ತ. ಸತ್ಯವ್ವ ಎದೆಯ ಮೇಲೆ ಕೈಯಿಟ್ಟು "ಏಳಪಾ, ಆಟ ಮುಗೀತು" ಎಂದಳು. ಮತ್ತೆ ಮತ್ತೆ ಎಂದಳು. ಫಕೀರಪ್ಪ ಅವಳ ಭುಜ ಹಿಡಿದು, ಮಾವನ ಕಾಲಿನ ಕಡೆ ತೋರಿಸಿದ. ಬೆರಳುಗಳು ಬಿಚ್ಚಿಕೊಂಡಿದ್ದವು.

ತಿಂಗಳು ಕಳೆದ ಮೇಲೆ, ಗಂಡ ಶಾಲೆಗೆ ಹೋದ ಒಂದು ಮಧ್ಯಾಹ್ನ, ಅವಳು ಕವಚ ತೊಟ್ಟಳು. ಪರೀಕ್ಷೆಗೆಂದು ತನಗೆ ತಾನೇ ಹೇಳಿಕೊಂಡಳು. ಉರಿಯುವ ಓಣಿಯೊಂದರಲ್ಲಿ ಎದುರು ಬಂದ ಸಿಪಾಯಿಯನ್ನು ಗೋಡೆಗೆ ಒತ್ತಿ, ಗಂಟಲಿಗೆ ಚೂರಿಯೆಳೆದಳು. ಬಿಸಿ ರಕ್ತ ಮುಖಕ್ಕೆ ಸಿಡಿದಂತಾಯಿತು. ಅವಳ ಎದೆಯಲ್ಲಿ ಏನೋ ಉಬ್ಬಿ ಬಂತು, ತೋಳಿನಲ್ಲಿ ಎಂದೂ ಇಲ್ಲದ ಬಲ ಬಂತು. ಸಾಯುವವನ ಗಂಟಲಿನಿಂದ ಎರಡು ಗಿಡ್ಡ ಉಸಿರು, ಒಂದು ಉದ್ದನೆಯ ಉಸಿರು. ಅಪ್ಪ. ಅವಳು ಕವಚ ಕಿತ್ತೊಗೆಯಬೇಕಿತ್ತು. ಇನ್ನೊಬ್ಬನನ್ನು ಹುಡುಕಿಕೊಂಡು ಹೋದಳು, ಅವನನ್ನೂ ಕೊಂದಳು. ಅದು ಅವಳಿಗೆ ಇಷ್ಟವಾಯಿತು. ಆ ನಾಚಿಕೆಯನ್ನು ಅವಳು ಯಾರಿಗೂ ಹೇಳಲಿಲ್ಲ.

ದೇಸಾಯಿಗೆ ಇಷ್ಟು ಸಾಲಲಿಲ್ಲ. "ಮಂದಿಗೆ ಬರೇ ಕೊಂದ್ರ ಸಾಲವಲ್ದು, ಸತ್ಯಾ. ಕೊಂದದ್ದು ಕೈಗೆ ಹತ್ತಬೇಕು," ಎಂದ. ಹಾಗೆ ಹುಟ್ಟಿದ್ದು ಜೋಡುಮಿಡಿತ. ಕೊಲ್ಲುವ ಕ್ಷಣದಲ್ಲಿ ಎರಡು ಕವಚಗಳಿಗೆ ಗಂಟು ಬೀಳುತ್ತದೆ. ಸಾಯುವವನ ಎದೆಬಡಿತ ನಿಲ್ಲುವುದು ಕೊಂದವನ ಅಂಗೈಗೆ ತಿಳಿಯುತ್ತದೆ. ಸತ್ತವನ ಮೈ ಅಲ್ಲಿಂದ ಮುಂದೆ ಕೊಂದವನ ಮೈ ಹೇಳಿದಂತೆ ಕೇಳುತ್ತದೆ. ಮನೆಯ ಕವಚಗಳಲ್ಲಿ ಇದನ್ನು ಬಹಳ ಮಂದವಾಗಿ ಇಟ್ಟರು. ಪೂರ್ಣ ಬಲದ ಕವಚ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯುವ ದೊಡ್ಡ ಪಂದ್ಯಕ್ಕೆ ಮೀಸಲು. ಫಕೀರಪ್ಪ ಆ ಪಂದ್ಯಕ್ಕೆ ಆಯ್ಕೆಯಾದ.

ಅದೇ ವಾರ ಶಾಲೆಯಿಂದ ಫೋನ್ ಬಂತು. ಬಣ್ಣದ ಡಬ್ಬಿ ಚೆಲ್ಲಿದ ಹುಡುಗನೊಬ್ಬನ ತಲೆಗೂದಲು ಹಿಡಿದು ಮಾಸ್ತರ ಅವನನ್ನು ಬಗ್ಗಿಸಿದ್ದನಂತೆ. ಬಲಗೈ ಹುಡುಗನ ಹೆಡಕಿನ ಹಿಂದೆ ಬಂದೂಕಿನ ಹಾಗೆ ಚಾಚಿತ್ತಂತೆ. ಮನೆಗೆ ಬಂದವನು ತನ್ನ ಕೈಯನ್ನು ತಾನೇ ನೋಡಿಕೊಳ್ಳುತ್ತ ಕೂತ.

"ಕೈ ತಾನಾ ಹೋತು, ಸತ್ಯಾ."

"ಪಂದ್ಯಕ್ಕ ಹೋಗಬ್ಯಾಡ್ರಿ. ನಿಮ್ಮ ಕೈ ಮುಗಿತೀನಿ."

ಅವನು ತಲೆ ಎತ್ತಿದಾಗ ಆ ಕಣ್ಣು ಡ್ರಾಯಿಂಗ್ ಮಾಸ್ತರನದಾಗಿರಲಿಲ್ಲ. "ನೀ ಮಾಡಿದ್ದಲ್ಲೇನು ಅದು? ಊರ ಮಂದಿಗೆ ಉಣಿಸಿ, ನನಗ ಉಪಾಸ ಇರು ಅಂತೀ?"



ಪಂದ್ಯದ ದಿನ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಳಗೆ ಹಸಿರು ಚಾಪೆ ಹಾಸಿದ ಅಂಗಳ. ಅದರ ಮೇಲೆ ಕರಿ ಪಡೆ, ಕೆಂಪು ಪಡೆ. ಎಲ್ಲರ ಕೈಯಲ್ಲೂ ಕಬ್ಬಿಣದ ಸರಳಿಟ್ಟು ತೂಕ ತುಂಬಿದ ಬಂದೂಕು, ಕಾಲಿಗೆ ಬೂಟು. ಮೇಲೆ ತೂಗಿದ ಪರದೆಗಳಲ್ಲಿ ಅದೇ ಅಂಗಳ ಸುಟ್ಟ ಊರಾಗಿ ಕಾಣುತ್ತಿತ್ತು. ಗಾಜಿನ ನಿಯಂತ್ರಣ ಕೋಣೆಯಲ್ಲಿ ದೇಸಾಯಿ, ಒಬ್ಬ ಡಾಕ್ಟರು, ಸತ್ಯವ್ವ.

ಸೀಟಿ ಊದಿದ್ದೇ ತಡ, ಮಂದಿ ಮಂದಿಯ ಮೇಲೆ ಬಿದ್ದರು. ಹೆಂಗಸೊಬ್ಬಳು ಒಬ್ಬನ ಹೊಟ್ಟೆಯನ್ನು ಬಗೆದಳು. ಪರದೆಯ ಮೇಲೆ ಕರುಳು ಜಾರಿತು, ಅಂಗಳದಲ್ಲಿ ಅವನು ಚೀರಿ ಮಡಚಿಕೊಂಡು ಬಿದ್ದ. ಇಬ್ಬರು ಸೇರಿ ಒಬ್ಬನ ತಲೆಯನ್ನು ಕಲ್ಲಿಗೆ ಜಜ್ಜಿದರು. ಗ್ಯಾರೇಜಿನ ಮೆಕ್ಯಾನಿಕ್ ಕಲ್ಲಯ್ಯ ಎಂಬವನು ಸುತ್ತುವರಿದ ಇಬ್ಬರನ್ನು ತೋಳಿನಲ್ಲಿ ಅಪ್ಪಿ ಹಿಡಿದು, ಕೈಬಾಂಬಿನ ಪಿನ್ನು ಕಿತ್ತ. ಮೂವರೂ ಒಟ್ಟಿಗೆ ಬಿದ್ದರು. ಗ್ಯಾಲರಿ ಎದ್ದು ನಿಂತು ಕುಣಿಯಿತು. ನಡುವೆ ಫಕೀರಪ್ಪ ಯಾರನ್ನೂ ನೋಡದೆ, ಯಾವ ಅವಸರವೂ ಇಲ್ಲದೆ, ಬೆಳೆ ಕೊಯ್ಯುವವನ ಹಾಗೆ ಕೊಲ್ಲುತ್ತ ಸಾಗಿದ್ದ. ಕೊನೆಗೆ ಅವನೊಬ್ಬನೇ ನಿಂತಿದ್ದ.

ಚಪ್ಪಾಳೆ ಬಹಳ ಹೊತ್ತು ಬಿದ್ದಿತು. ಬಿದ್ದವರು ಏಳಲಿಲ್ಲ.

"ಛಲೋ ನಟನಾ ಮಾಡಾಕತ್ತಾರ," ಎಂದು ದೇಸಾಯಿ ನಕ್ಕ. ಡಾಕ್ಟರು ನಗಲಿಲ್ಲ. ಅವರ ಮುಂದಿನ ಪರದೆಯಲ್ಲಿ ನಾಡಿಯ ಗೆರೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಕವಚಗಳ ವಿದ್ಯುತ್ತು ತೆಗೆಸಿದರು. ಗೆರೆಗಳು ಇಳಿಯುತ್ತಲೇ ಇದ್ದವು. ಮೈ ಪಾಠ ಕಲಿತಾಗಿತ್ತು. ಸಿಬ್ಬಂದಿ ಓಡಿಹೋಗಿ ಅಲುಗಾಡಿಸಿದರು, ನೀರು ಎರಚಿದರು. ಡಾಕ್ಟರು ಸೂಜಿ ಚುಚ್ಚಿ ಬಂದರು. "ಔಷಧ ನಾಟಲಿಕ್ಕೆ ಒಲ್ಲದು. ಹೀಂಗ ಇಳಕೋತ ಹೋದ್ರ ಹೃದಯ ನಿಂತೇ ಹೋಗ್ತಾವ," ಎಂದರು.

ಸತ್ಯವ್ವನಿಗೆ ಆಗ ಹೊಳೆಯಿತು. ಅಪ್ಪನಿಗೆ ಆ ಆಳದಲ್ಲಿ ಕಾಲೂರಿ ನಿಲ್ಲುವುದು ಗೊತ್ತಿತ್ತು. ಈ ಮಂದಿಗೆ ಇಳಿಯುವುದನ್ನಷ್ಟೇ ಅವಳು ಕಲಿಸಿದ್ದಳು. ಏಳುವುದನ್ನು ತನ್ನ ಕೈಯಾರೆ ಅಳಿಸಿದ್ದಳು.

ಅವಳು ಪರದೆಗೆ ಜೋಡುಮಿಡಿತದ ನಕ್ಷೆ ತರಿಸಿದಳು. ಯಾರನ್ನು ಯಾರು ಕೊಂದರೆಂದು ತೋರಿಸುವ ಗೆರೆಗಳು. ಸತ್ತವರಿಂದ ಅವರನ್ನು ಕೊಂದವರಿಗೆ, ಆ ಕೊಂದವರನ್ನು ಕೊಂದವರಿಗೆ, ಹೀಗೆ ಏರುತ್ತ ಏರುತ್ತ ಹೆಚ್ಚುಕಡಿಮೆ ಎಲ್ಲ ಗೆರೆಗಳೂ ಒಂದೇ ಹೆಸರಿಗೆ ಹೋಗಿ ಕೂಡುತ್ತಿದ್ದವು. ಫಕೀರಪ್ಪ. ಅವನ ನಾಡಿ ಇನ್ನೂ ಕೊಲ್ಲುವ ಓಟದಲ್ಲಿತ್ತು. ಅವನು ಕೊಲ್ಲುತ್ತಿರುವ ತನಕ ಇವರು ಸತ್ತೇ ಇರುತ್ತಾರೆ.

"ಅಂವಗ ನಿದ್ದಿ ಔಷಧ ಕೊಡ್ರಿ," ಎಂದ ದೇಸಾಯಿ.

"ಅವರ ನಾಡಿ ಬಿದ್ರ ಎಲ್ಲಾರದೂ ಬೀಳತೈತಿ," ಎಂದು ಸತ್ಯವ್ವ ಬಾಗಿಲಿಗೆ ನಡೆದಳು. "ಅವರಾಗೇ ಇಳಿಸ್ಕೋಬೇಕು. ಅವರ ಕೈಲೇ ಎಬ್ಬಿಸ್ಬೇಕು."

ಚಾಪೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದಳು. ಫಕೀರಪ್ಪ ಬಿದ್ದವರ ನಡುವೆ ಅಡ್ಡಾಡುತ್ತ, ಒಬ್ಬೊಬ್ಬರನ್ನು ಬೂಟಿನಿಂದ ಹೊರಳಿಸಿ ನೋಡುತ್ತಿದ್ದ. ಕನ್ನಡಕ ಕಿತ್ತೊಗೆದಿದ್ದ. ಅದು ಅವನಿಗೆ ಬೇಕಾಗಿರಲಿಲ್ಲ.

"ರೀ, ಆಟ ಮುಗೀತ್ರಿ. ಇವರನ್ನ ಎಬ್ಬಸ್ರಿ."

"ಯಾರ್ ಹೇಳಿದ್ರು ಮುಗೀತಂತ?" ಅವನ ಗಂಟಲು ಒರಟಾಗಿತ್ತು. "ಮುಗದ್ರ ನಾಳಿಂದ ನಾ ಮತ್ತ ಡ್ರಾಯಿಂಗ್ ಮಾಸ್ತರ ಆಗ್ಬೇಕು."

"ನೀವು ಡ್ರಾಯಿಂಗ್ ಮಾಸ್ತರನ ಅದೀರಿ. ನೋಡ್ರಿಲ್ಲೆ, ಸಾಯಾಕತ್ತಾರ—"

ಬಂದೂಕಿನ ಹಿಂಬದಿ ಅವಳ ಭುಜದ ಮೇಲೆ ಇಳಿಯಿತು. ಎಲುಬು ಮುರಿದ ಸದ್ದು ಅವಳಿಗೆ ಒಳಗಿನಿಂದ ಕೇಳಿಸಿತು. ಗ್ಯಾಲರಿ ಇದನ್ನೂ ಆಟವೆಂದೇ ತಿಳಿದು ಸೀಟಿ ಹೊಡೆಯಿತು. ನೋವಿಗೆ ಕಣ್ಣು ಕತ್ತಲೆಗಟ್ಟಿ ಅವಳು ಅಂಗಾತ ಬಿದ್ದಳು. ಅವನು ಮತ್ತೆ ಬಂದೂಕು ಎತ್ತುತ್ತಿದ್ದ. ಈ ಸಲದ ಏಟು ತಲೆಗೆ.

ಬಿದ್ದದ್ದು ಆಟವಾಗಿರಲಿಲ್ಲ. ಆಮೇಲೆ ಮಲಗಿದ್ದು ಆಟ. ಚಿಕ್ಕಂದಿನಲ್ಲಿ ಅಟ್ಟದ ಹಿಂದೆ ಅಪ್ಪನನ್ನು ಅಣಕಿಸುತ್ತ ಎಷ್ಟು ಸಲ ಸತ್ತಿದ್ದಳೋ! ಎರಡು ಗಿಡ್ಡ ಉಸಿರು ಬಿಟ್ಟಳು. ಒಂದು ಉದ್ದನೆಯ ಉಸಿರು ಬಿಟ್ಟಳು. ಚೀರಬೇಕೆನ್ನುವ ಬಾಯನ್ನು ಸಡಿಲು ಬಿಟ್ಟು, ಜೀವವನ್ನೆಲ್ಲ ಕೆಳಗೆ ತಳ್ಳಿ, ಕಾಲ್ಬೆರಳುಗಳನ್ನು ಒಳಗೆ ಮಡಚಿದಳು.

ಏಟು ಬೀಳಲಿಲ್ಲ. ಅವನ ಕೈಯಲ್ಲಿ ಸತ್ತವರೆಲ್ಲರ ಉಸಿರೂ ಹೀಗೆಯೇ ನಿಂತಿತ್ತು; ಆದರೆ ಬೂಟಿನೊಳಗಿನ ಬೆರಳನ್ನು ಫಕೀರಪ್ಪ ಯಾವ ಯುದ್ಧದಲ್ಲೂ ಕಂಡಿರಲಿಲ್ಲ. ಬಂದೂಕು ಚಾಪೆಯ ಮೇಲೆ ದೊಪ್ಪನೆ ಬಿದ್ದ ಸದ್ದು ಬಂತು. ಅವಳ ಪಾದಕ್ಕೆ ಕೈ ತಾಗಿತು. ಪೆನ್ಸಿಲ್ಲಿನಿಂದ ಎಷ್ಟೋ ಸಲ ಬರೆದ ಮಾವನ ಬೆರಳುಗಳ ಹಾಗೆಯೇ ಮಡಚಿದ್ದ ಬೆರಳುಗಳನ್ನು ಆ ಕೈ ಒಂದೊಂದಾಗಿ ಮುಟ್ಟಿ ನೋಡಿತು. ಆಮೇಲೆ ಅವಳ ಎದೆಯ ಮೇಲೆ ಬಂದು ಕೂತಿತು.

"ಸತ್ಯಾ. ಏಳ. ಆಟ ಮುಗೀತು."

ಅವಳು ಏಳಲಿಲ್ಲ. ಆ ಅಂಗೈಯಲ್ಲಿ ನಾಡಿ ಇನ್ನೂ ಓಡುತ್ತಿತ್ತು. ಭುಜ ಬೆಂಕಿಯಾಗಿತ್ತು, ಆದರೂ ಮಲಗಿದ್ದಳು. ಅವನು ಅತ್ತ. ಮೂಗು ಒರೆಸಿಕೊಂಡು, ಉಸಿರು ಎಳೆದು ಬಿಟ್ಟ, ಮತ್ತೆ ಎಳೆದು ಬಿಟ್ಟ. ಅಂಗೈ ತಣಿಯುತ್ತ ಬಂತು. "ಏಳವಾ," ಎಂದ, ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲಿ. "ಮುಗೀತು."

ಸತ್ಯವ್ವ ಕಣ್ಣು ಬಿಟ್ಟಳು.

ಅಲ್ಲಿಂದ ಅವನು ಮಂಡಿಯ ಮೇಲೆ ತೆವಳುತ್ತ, ತಾನು ಕೊಂದ ಪ್ರತಿಯೊಬ್ಬರ ಬಳಿಗೂ ಹೋದ. ಕೈಯಿಟ್ಟ, ಹೇಳಿದ, ಕಾದ. ಮೊದಲು ಎದ್ದವಳು ಆ ಹೊಟ್ಟೆ ಬಗೆದ ಹೆಂಗಸು. ಎದ್ದವರಿಗೆ ಸತ್ಯವ್ವ ಹೇಳಿಕೊಟ್ಟಳು. ಅವರು ತಾವು ಕೊಂದವರನ್ನು ಹುಡುಕಿಕೊಂಡು ತಡವರಿಸುತ್ತ ಹೋದರು. ಬಹುಮಾನದ ಬುಟ್ಟಿಯಲ್ಲಿದ್ದ ಬೆಲ್ಲದ ಕರದಂಟನ್ನು ಯಾರೋ ಮುರಿದು ಹಂಚಿದರು. ಗ್ಯಾಲರಿ ಸದ್ದಡಗಿ ಕೂತಿತ್ತು. ಆಗ ಡಾಕ್ಟರು ಮೇಲಿನಿಂದ ಕೂಗಿದರು.

"ಸತ್ಯಾ ಮೇಡಂ, ಇಲ್ಲೊಬ್ಬಾಂವ ಉಳದಾನ. ಮೆಕ್ಯಾನಿಕ್. ನಾಡಿ ಹತ್ತವಲ್ದು. ಅವನ ಬಾಂಬಿಗೆ ಸತ್ತವರ ಇಬ್ಬರೂ ಏಳವಲ್ರು."

ಸತ್ಯವ್ವ ಗಾಜಿನ ಕೋಣೆಗೆ ಹತ್ತಿ ಹೋದಳು. ನಕ್ಷೆಯಲ್ಲಿ ಕಲ್ಲಯ್ಯನ ಹೆಸರಿನಿಂದ ಮೇಲಕ್ಕೆ ಹೋಗುವ ಯಾವ ಗೆರೆಯೂ ಇರಲಿಲ್ಲ. ತನ್ನ ಬಾಂಬಿಗೆ ತಾನೇ ಸತ್ತವನು. ಕೊಂದವರ ಜಾಗ ಖಾಲಿ.

ಸತ್ಯವ್ವ ಒಂದು ಗಳಿಗೆ ಆ ಖಾಲಿ ಜಾಗವನ್ನು ನೋಡಿದಳು. ಆಮೇಲೆ ನೆಟ್ಟಗಿದ್ದ ಕೈಯಿಂದ ಅಲ್ಲಿ ತನ್ನ ಹೆಸರು ಬರೆದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೆಳಗೆ, ಕಲ್ಲಯ್ಯನ ಪಕ್ಕದಲ್ಲಿ, ಫಕೀರಪ್ಪ ತನ್ನ ಕವಚ ಬಿಚ್ಚಿ ಅವಳಿಗೆ ತೊಡಿಸುವಾಗ ಮುರಿದ ಎಲುಬು ಕದಲಿ ಅವಳು ತುಟಿ ಕಚ್ಚಿದಳು. ವಿದ್ಯುತ್ತು ಬಂತು, ಗಂಟು ಬಿತ್ತು. ಅಂಗೈಯಡಿ ಕಲ್ಲಯ್ಯನ ಎದೆ ಎಲ್ಲೋ ದೂರದಲ್ಲಿ ಒಮ್ಮೆ ಬಡಿದು ಸುಮ್ಮನಾಯಿತು. ಅಪ್ಪನ ಎದೆಯ ಮೇಲೆ ಕೈಯಿಟ್ಟಾಗ ಅಷ್ಟೂ ಇರಲಿಲ್ಲ. ಅವಳು ಭಯವನ್ನು ಇಳಿಸಿಕೊಂಡಳು. ಆ ಮಧ್ಯಾಹ್ನದ ಓಣಿಯಲ್ಲಿ ಉಬ್ಬಿ ಬಂದದ್ದು ಇನ್ನೂ ಒಳಗೆಲ್ಲೋ ಕೂತಿತ್ತು, ಅದನ್ನೂ ಇಳಿಸಿಕೊಂಡಳು.

"ಏಳಪಾ, ಆಟ ಮುಗೀತು."

ಏನೂ ಆಗಲಿಲ್ಲ. ಅವಳು ಕೈ ತೆಗೆಯಲಿಲ್ಲ. ತನ್ನ ಉಸಿರಿನ ಜೊತೆಗೆ ಅವನ ಉಸಿರಿಗಾಗಿ ಕಾದಳು. ಬಹಳ ಹೊತ್ತಿನ ಮೇಲೆ ಅಂಗೈಯಡಿ ಒಂದು ಬಡಿತ ಬಂತು, ಅದರ ಹಿಂದೆ ಇನ್ನೊಂದು. ಕಲ್ಲಯ್ಯ ಕೆಮ್ಮಿ ಕಣ್ಣು ಬಿಟ್ಟ. ತೂಗುವ ಪರದೆಗಳನ್ನು, ದೀಪಗಳನ್ನು ನೋಡಿದ. ಅವನ ಮುಖದಲ್ಲಿ ಆಗಲೇ ಜ್ವರ ಬಿಟ್ಟವನ ಆ ಗೆಲುವು ಮೂಡುತ್ತಿತ್ತು.

"ಯಾರ್ ಗೆದ್ರರೀ, ಮೇಡಂ?"

ಸತ್ಯವ್ವ ಅವನ ಬಾಯಿಗೆ ಕರದಂಟಿನ ತುಣುಕು ಇಟ್ಟಳು. "ಎದ್ದ ನಿಂದ್ರಪಾ ಮೊದಲ," ಎಂದಳು. "ನೀ ಕೊಂದಾವ್ರು ನಿನ್ನ ಹಾದಿ ಕಾಯಾಕತ್ತಾರ."